ಕ್ಯಾಸೆಟ್ ತಿರುಗಿಸುವ ಹೊತ್ತು

ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಹಾಡು ಬಂದು ಅದರ ಮೇಲೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಗಳ ಫೋನಿನಲ್ಲಿರುವ ಹಾಡಿನ ಆ್ಯಪ್ ಈ ಕೆಲಸವನ್ನು ತಾನಾಗಿಯೇ ಮಾಡುತ್ತದೆ. "ಎಷ್ಟು ಸ್ಮೂತಾಗಿದೆ ನೋಡಮ್ಮ" ಅನ್ನುತ್ತಾಳೆ. ನಾನು ಫೋನ್ ಕಿತ್ತುಕೊಂಡು ಅದನ್ನು ಆಫ್ ಮಾಡುತ್ತೇನೆ. ನಿನಗೆ ತಲೆ ಕೆಟ್ಟಿದೆ ಅನ್ನುತ್ತಾಳೆ. ಯಾವಾಗ ಕೆಟ್ಟಿತು ಎಂದು ನಾನು ಅವಳಿಗೆ ಹೇಳಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿದ್ದಿರಬೇಕು. ಬಾಪೂಜಿ ನಗರದ ಒಂದು ಒಳರಸ್ತೆಯಲ್ಲಿ ಊದುಬತ್ತಿ ಪ್ಯಾಕ್ ಮಾಡುವ ಹಾಲ್ ಇತ್ತು. ಹದಿನೈದು ಹೆಂಗಸರು ಎರಡು ಸಾಲಾಗಿ ಚಾಪೆಯ ಮೇಲೆ ಕೂತು, ಕಡ್ಡಿಗಳನ್ನು ಹಿಡಿಯಲ್ಲೇ ಅಳೆದು ಕವರಿಗೆ ತುಂಬಿ, ಕವರನ್ನು ಡಬ್ಬಿಗೆ ಹಾಕಿ ಲೇಬಲ್ ಅಂಟಿಸುತ್ತಿದ್ದರು. ಎಲ್ಲರೂ ದಿನಗೂಲಿಯವರು. ಅಮ್ಮ ಅಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದಳು. ಪಿಯುಸಿ ಫೇಲಾದ ಮೇಲೆ ನಾನೂ ಹೋಗಿ ಅವಳ ಪಕ್ಕದಲ್ಲಿ ಕೂತೆ.

ಗೋಡೆಯ ಗೂಡಿನಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಬೆಳಗ್ಗೆ ದೇವರ ಹಾಡು, ಆಮೇಲೆ ಸಿನಿಮಾ ಹಾಡು. ಒಂದು ಸೈಡ್ ಮುಗಿದಾಗ ಟಕ್ ಎಂದು ಬಟನ್ ಮೇಲೇಳುತ್ತಿತ್ತು. ಆ ಸದ್ದು ಕೇಳಿದ್ದೇ ತಡ, ಹದಿನೈದು ಜನವೂ ಎದ್ದುಬಿಡುತ್ತಿದ್ದರು. ಒಬ್ಬಳು ಹೋಗಿ ಕ್ಯಾಸೆಟ್ ತಿರುಗಿಸಿ ಹಾಕುವಷ್ಟರಲ್ಲಿ ಉಳಿದವರು ಸೊಂಟ ನೆಟ್ಟಗೆ ಮಾಡಿಕೊಂಡು, ನೀರು ಕುಡಿದು, ಹಾಲಿಗೆ ಸೇರಿದ ಗೋಡೌನಿನ ಹಿಂದಿದ್ದ ಒಂದೇ ಒಂದು ಕಕ್ಕಸಿನ ಮುಂದೆ ಸಾಲು ನಿಲ್ಲುತ್ತಿದ್ದರು. ಮಧ್ಯಾಹ್ನದ ಊಟ ಬಿಟ್ಟರೆ ಬಿಡುವು ಎಂದು ಯಜಮಾನರು ಯಾವತ್ತೂ ಕೊಟ್ಟಿರಲಿಲ್ಲ, ಇವರು ಕೇಳಿರಲೂ ಇಲ್ಲ. ಅದನ್ನು ಕೊಟ್ಟದ್ದು ಆ ಟೇಪ್ ರೆಕಾರ್ಡರ್.

ಹಿಂದುಗಡೆ ಹೋಗಬೇಕಾದರೆ ಯಜಮಾನರ ಗಾಜಿನ ಕ್ಯಾಬಿನ್ ದಾಟಿಯೇ ಹೋಗಬೇಕಿತ್ತು. ಗುಂಪಿನಲ್ಲಿ ಹೋದರೆ ಯಾರ ಮುಖವನ್ನೂ ಯಾರೂ ನೋಡುತ್ತಿರಲಿಲ್ಲ.

ನಾನು ಸಂಜೆ ಹೊತ್ತು ವಿಜಯನಗರದಲ್ಲಿ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಯಜಮಾನರು ಬಿಲ್ ಟೈಪ್ ಮಾಡಲು ಹಳೆಯ ಕಂಪ್ಯೂಟರ್ ಒಂದನ್ನು ತಂದಾಗ ನನ್ನನ್ನು ಚಾಪೆಯಿಂದ ಎಬ್ಬಿಸಿ ಕ್ಯಾಬಿನ್ನಿನ ಒಳಗೆ ಕೂರಿಸಿದರು. ಕುರ್ಚಿಗೆ ಚಕ್ರವಿತ್ತು. ಯಾರೂ ಇಲ್ಲದಾಗ ನಾನು ಅದರಲ್ಲಿ ಒಂದು ಸುತ್ತು ತಿರುಗಿದ್ದೇನೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಟೇಪ್ ರೆಕಾರ್ಡರ್ ಕೆಟ್ಟಿತು. ಯಜಮಾನರು ಹಾಲಿಗೆ ಎರಡು ಸ್ಪೀಕರ್ ಹಾಕಿಸಿದರು. ಹಾಡುಗಳನ್ನು ಕಂಪ್ಯೂಟರಿನಲ್ಲಿ ಹಾಕುವ ಕೆಲಸವೂ ನನಗೇ ಬಂತು. ಹೆಂಗಸರು ಕೇಳಿಕೊಂಡಂತೆ ಅದೇ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿದ್ದ ಸಾಲಿನಲ್ಲೇ ಜೋಡಿಸಿದೆ.

ಕಂಪ್ಯೂಟರಿಗೆ ಸೈಡ್ ಇಲ್ಲ, ತಿರುಗಿಸುವುದೂ ಇಲ್ಲ. ಆದರೆ ಹಾಡಿಗೂ ಹಾಡಿಗೂ ನಡುವೆ ಮೂರು ಸೆಕೆಂಡಿನ ಮೌನವಿತ್ತು. ಹಳೆಯ ಕ್ಯಾಸೆಟ್ಟಿನ ಒಂದು ಸೈಡಿನ ಕೊನೆಯ ಹಾಡು ಯಾವುದೆಂದು ಎಲ್ಲರಿಗೂ ಬಾಯಿಪಾಠ. ಅದು ಮುಗಿದು ಮೌನ ಬಂದಾಗ ಹದಿನೈದು ಜನವೂ ಮೊದಲಿನಂತೆಯೇ ಒಟ್ಟಿಗೆ ಎದ್ದರು. ಏಳುವುದಕ್ಕೆ ಮೂರು ಸೆಕೆಂಡು ಸಾಕು. ಎದ್ದ ಮೇಲೆ ಯಾರು ಮೊದಲು ಎದ್ದರು ಎಂದು ಹೇಳುವಂತಿಲ್ಲ.

ಯಜಮಾನರು ಅದನ್ನು ಒಂದು ವಾರ ನೋಡಿದರು.

"ಆ ಹಾಡು ಮುಗಿದ್ ತಕ್ಷಣ ಎಲ್ರೂ ಎದ್ದೋಗ್ತಾರೆ ಕಣಮ್ಮ. ನಿಲ್ದೇ ಇರೋ ಹಂಗೆ ಮಾಡಕ್ಕಾಗಲ್ವಾ? ಕಂಪ್ಯೂಟರ್ ಕಲ್ತಿದೀಯಲ್ಲ?"

ಅವರು ಕೇಳುತ್ತಿದ್ದುದು ಏನೆಂದು ನನಗೆ ಆಗ ಅರ್ಥವಾಗಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಚೆನ್ನಾಗಿ ಅರ್ಥವಾಗಿತ್ತು. ಪ್ಲೇಯರಿನ ಸೆಟ್ಟಿಂಗಿನಲ್ಲಿ ಕ್ರಾಸ್‌ಫೇಡ್ ಅಂತ ಒಂದು ಇರುತ್ತದೆ, ಒಂದು ಟಿಕ್ ಹಾಕಿದರೆ ಈ ಹಾಡು ತಗ್ಗುತ್ತಿರುವಾಗಲೇ ಮುಂದಿನದು ಏರುತ್ತದೆ ಎಂದು ಕ್ಲಾಸಿನ ಮೇಷ್ಟ್ರು ತೋರಿಸಿದ್ದರು. ಅದನ್ನು ಉಪಯೋಗಿಸಲು ಸಿಕ್ಕಿದ ಸಂಭ್ರಮದಲ್ಲಿ ನಾನು ಟಿಕ್ ಹಾಕಿದ್ದಷ್ಟೇ ಅಲ್ಲ, ಎರಡು ಹಾಡು ಬೆರೆಯುವ ಹೊತ್ತನ್ನು ಎಂಟು ಸೆಕೆಂಡು ಇಟ್ಟೆ.

ಮೊದಲ ದಿನ ಆ ಕೊನೆಯ ಹಾಡು ತಗ್ಗುತ್ತಾ ಬಂದಾಗ ಅಮ್ಮ ಮೊಣಕಾಲಿನ ಮೇಲೆ ಕೈಯೂರಿ ಅರ್ಧ ಎದ್ದಿದ್ದಳು. ಅಷ್ಟರಲ್ಲಿ ಇನ್ನೊಂದು ಹಾಡು ಬಂತು. ಅತ್ತಿತ್ತ ನೋಡಿದಳು. ಬೇರೆ ಯಾರೂ ಎದ್ದಿರಲಿಲ್ಲ. ಮೆಲ್ಲಗೆ ಕೂತಳು. ಯಜಮಾನರು "ಭಲೇ" ಎಂದು ಬೇಕರಿಯಿಂದ ನನಗೊಂದು ಬಾದಾಮಿ ಹಾಲು ತರಿಸಿದರು. ನಾನು ಗಾಜಿನ ಒಳಗೆ ಕೂತು ಅದನ್ನು ಪೂರ್ತಿ ಕುಡಿದೆ.

ಹೋಗಬೇಡಿ ಎಂದು ಅವರು ಯಾರಿಗೂ ಹೇಳಲಿಲ್ಲ. ಒಬ್ಬಳೇ ಎದ್ದು ಬಂದರೆ ಕ್ಯಾಬಿನ್ನಿನಿಂದ ನಗುತ್ತಲೇ "ಏನಮ್ಮಾ, ಹುಷಾರಿಲ್ವಾ?" ಎಂದು ಕೇಳುತ್ತಿದ್ದರು, ಅಷ್ಟೇ. ಎರಡನೇ ಸಲ ಹಾಗೆ ಕೇಳಿಸಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. "ಏನೇ ಹುಡ್ಗಿ, ನಿನ್ ಹಾಡಿಗೆ ಕೊನೇನೇ ಇಲ್ವಲ್ಲೇ!" ಎಂದು ಸಾಲಿನ ತುದಿಯ ಆಂಟಿಯೊಬ್ಬರು ರೇಗಿಸಿದರು. ನಾನು ಹೊಗಳಿಕೆ ಎಂಬಂತೆ ಹಲ್ಲು ಕಿರಿದೆ.

ಅಮ್ಮ ಬೆಳಗ್ಗೆ ಒಯ್ಯುತ್ತಿದ್ದ ನೀರಿನ ಬಾಟಲಿ ಸಂಜೆ ತುಂಬಿದಂತೆಯೇ ಮನೆಗೆ ಬರತೊಡಗಿತು. ಅವಳು ಅದನ್ನು ಕರಿಬೇವಿನ ಕುಂಡಕ್ಕೆ ಸುರಿಯುತ್ತಿದ್ದಳು. ನಾನು ದಿನವೂ ನೋಡುತ್ತಿದ್ದೆ. ಬೇಸಿಗೆ ಬಂತು. ಅಮ್ಮನಿಗೆ ಉರಿಮೂತ್ರ ಶುರುವಾಯಿತು, ಆಮೇಲೆ ಚಳಿಜ್ವರ. ಕ್ಲಿನಿಕ್ಕಿನ ಲೇಡಿ ಡಾಕ್ಟರು "ದಿನಕ್ಕೆ ಎಷ್ಟು ನೀರು ಕುಡೀತೀರಮ್ಮ?" ಎಂದರು. ಅಮ್ಮ ಔಷಧಿ ಚೀಟಿ ತೆಗೆದುಕೊಂಡು ಎದ್ದಳು. ಹೊರಗೆ ಬಂದ ಮೇಲೆ ನನಗೆ ಹೇಳಿದಳು:

"ಕುಡಿದ್ರೆ ಎದ್ದೋಗ್ಬೇಕಲ್ವೇನೇ? ಆಯಪ್ಪನ್ ಮುಂದೆ ಒಬ್ಳೇ ಹೆಂಗೇ ಹೋಗ್ಲಿ?"

ಆಯಪ್ಪನ ಪಕ್ಕದ ಕುರ್ಚಿಯಲ್ಲಿ ನಾನಿರುತ್ತಿದ್ದೆ. ಅದನ್ನು ಅವಳು ಹೇಳಲಿಲ್ಲ. ಹೇಳಿದ್ದರೆ ನನಗೆ ಅದು ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಒಂದು ವಾರ ಮಲಗಿದ್ದು ಅಮ್ಮ ಮತ್ತೆ ಕೆಲಸಕ್ಕೆ ಬಂದಳು. ಆವತ್ತು ಯಜಮಾನರು ಗೋಡೌನಿನಲ್ಲಿ ಸರಕು ಇಳಿಸಿಕೊಳ್ಳುತ್ತಿದ್ದಾಗ ನಾನು ಆ ಟಿಕ್ ತೆಗೆದೆ. ಮೂರು ಸೆಕೆಂಡು ಸಾಲದಿದ್ದರೆ ಎಂದು, ಕೊನೆಯ ಹಾಡು ಮುಗಿದ ಕೂಡಲೇ ಪ್ಲೇಯರನ್ನೇ ನಿಲ್ಲಿಸಿ, ಗಾಜಿನಿಂದ ಹಾಲ್ ಕಡೆ ನೋಡುತ್ತಾ ಕೂತೆ.

ಫ್ಯಾನಿನ ಸದ್ದು, ಕವರುಗಳ ಪರಪರ. ಹದಿನೈದು ಜನರಲ್ಲಿ ಒಬ್ಬರೂ ಏಳಲಿಲ್ಲ. ಕೈಗಳು ನಿಲ್ಲಲೂ ಇಲ್ಲ. ಒಂದಿಬ್ಬರು ತಲೆಯೆತ್ತಿ ಸ್ಪೀಕರ್ ನೋಡಿ ಮತ್ತೆ ಕಡ್ಡಿ ಹಿಡಿದರು. ನಾನು ಅಮ್ಮನನ್ನೇ ನೋಡುತ್ತಾ "ಏಳಮ್ಮ, ಏಳು" ಎಂದು ಒಳಗೊಳಗೇ ಹಲ್ಲು ಕಚ್ಚುತ್ತಿದ್ದೆ. ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ಗಾಬರಿ. ಕಣ್ಣಿನಲ್ಲೇ ಸ್ಪೀಕರ್ ತೋರಿಸಿದಳು, ಗೋಡೌನ್ ಕಡೆ ತೋರಿಸಿದಳು, ಬೇಗ ಹಾಕು ಎಂದು ಬೆರಳು ಆಡಿಸಿದಳು. ನಾನು ಹಾಡು ಹಾಕಿದೆ.

ಸಂಜೆ ದೀಪಾಂಜಲಿ ನಗರದ ಮನೆಗೆ ನಡೆದು ಹೋಗುವಾಗ ಅವಳೇ ಮಾತು ತೆಗೆದಳು. "ಹಾಡು ನಿಂತೋಗಿತ್ತಲ್ಲೇ ಇವತ್ತು. ಅವ್ರು ನೋಡಿದ್ರೆ ಮತ್ತೆ ಚಾಪೆಗೇ ಕಳಿಸ್ತಿದ್ರು ನಿನ್ನ. ನೋಡ್ಕೊಂಡು ಕೆಲ್ಸ ಮಾಡು."

ಅವಳ ಚೀಲ ನನ್ನ ಕೈಯಲ್ಲಿತ್ತು. ಒಳಗೆ ಬಾಟಲಿ ತುಂಬಿಯೇ ಇತ್ತು. ಮರುದಿನ ಬೆಳಗ್ಗೆ ಹೋದವಳೇ ನಾನು ಆ ಟಿಕ್ ಮತ್ತೆ ಹಾಕಿದೆ.