ಒಣಗದ ಬೊಟ್ಟು

ಬೆರಳಿಗೆ ಕೆಂಪು ಬಣ್ಣ ಅಂಟಿದಾಗ ಬೆಚ್ಚಿಬಿದ್ದೆ.

ಯಜಮಾನರು ತೀರಿಕೊಂಡು ಹನ್ನೆರಡು ದಿನವಾಗಿತ್ತು. ಬೊಮ್ಮಸಂದ್ರದ ಕಾರ್ಖಾನೆಯ ಕೆಲಸ ಮುಗಿಸಿ ಬಂದು ಅವರು ದಿನಾ ಸಂಜೆ ಬರೆಯುತ್ತಿದ್ದ ನನ್ನ ಚಿತ್ರ ಗೋಡೆಗೆ ಒರಗಿತ್ತು. ಹಿಂದಿನ ದಿನ ತಿಥಿಯಲ್ಲಿ ನನ್ನ ಕುಂಕುಮ ತೆಗೆಸಿದ್ದ ಅತ್ತೆ, "ಆ ಪಟದಾಗಿರೋ ಬೊಟ್ಟೂ ತೆಗ್ದುಬುಡಮ್ಮ, ನೋಡ್ದೋರು ಏನಂದಾರು?" ಎಂದಿದ್ದರು. ಒಣಗಿರುತ್ತದೆ, ಕೆರೆದು ತೆಗೆಯಬೇಕು ಎಂದುಕೊಂಡು ಮುಟ್ಟಿದರೆ ಬಣ್ಣ ಇನ್ನೂ ಹಸಿಯಾಗಿತ್ತು.

"ಅಕ್ರಿಲಿಕ್ ಬಣ್ಣ ಬೇಗ ಒಣಗುತ್ತಲ್ಲ, ಅದನ್ನೇ ತರಬಾರದಾ?" ಎಂದು ಅವರನ್ನು ಕೇಳಿದ್ದೆ. "ಆಯಿಲ್ ಪೇಂಟೇ ಇರ್ಲಿ ಕಣೇ, ನಿಧಾನಕ್ಕೆ ಒಣಗ್ಲಿ, ನಿನ್ ಮುಖ ತಿದ್ದೋಕೆ ಟೈಮ್ ಬೇಕು," ಎಂದು ನಕ್ಕಿದ್ದರು. ಆ ಬೊಟ್ಟನ್ನು ದಪ್ಪಗೆ ಇಟ್ಟ ಮರುದಿನವೇ ಅವರಿಗೆ ಎದೆನೋವು ಬಂತು.

ನನ್ನ ಬೆರಳು ನೋಡಿ ಪಟದ ಬೊಟ್ಟನ್ನು ಸೆರಗಿನಿಂದ ಒರೆಸಲು ಬಂದ ಅತ್ತೆ ಅಲ್ಲೇ ನಿಂತರು. "ಬುಡು, ಅವ್ನಿಟ್ಟಿದ್ದು," ಎಂದರು.

ಚಿತ್ರ ಈಗ ಒಣಗಿದೆ. ಬೊಟ್ಟಿನ ಮೇಲೆ ನನ್ನ ಬೆರಳಿನ ಗುರುತು ಉಳಿದಿದೆ.