ಸಿದ್ದಪ್ಪನ ಕಂಬಳಿ ಹೊದ್ದವನು

ದಾರಿಯಲ್ಲಿ ಕುರಿಗಳು ಎದುರಾದರೆ ಸಿದ್ದಪ್ಪ ಸೈಕಲ್ಲಿನಿಂದ ಇಳಿದುಬಿಡುತ್ತಿದ್ದ. ಬೆಲ್ಲು ಬಾರಿಸುತ್ತಿರಲಿಲ್ಲ, ಹುರ್ರ್ ಎಂದು ಓಡಿಸುತ್ತಲೂ ಇರಲಿಲ್ಲ. ಸೈಕಲ್ಲನ್ನು ರಸ್ತೆಯ ಅಂಚಿಗೆ ಹಿಡಿದುಕೊಂಡು, ಹಿಂಡಿನ ಕೊನೆಯ ಕುಂಟು ಮರಿ ದಾಟುವ ತನಕ ನಿಲ್ಲುತ್ತಿದ್ದ. ಹಿಂಡನ್ನು ಗಾಲಿಯಿಂದ ಸೀಳಬಾರದು ಎಂಬುದು ಅವನ ನೇಮ. “ಬಾಜೂಕ ಜಾಗಾ ಅದಲ್ಲೋ, ನಡಿ” ಎಂದು ನಾನಂದರೆ, “ಈ ದಾರಿ ಮೊದಲ ಅವುಗಳದರಿ ಅಯ್ನೋರ. ನಾವು ಡಾಂಬರ ಹಾಕ್ಕೊಂಡು ಆಮ್ಯಾಲ ಬಂದೋರು” ಎನ್ನುತ್ತಿದ್ದ.

ಅವನು ಮರಾಠಿ ಸೀಮೆಯ ಗುಂಜೋಟಿಯ ಕುರಿ ಕಾಯುವ ಮನೆತನದವನು, ಬೀರಪ್ಪನ ಭಕ್ತ. ಹರೆಯದಲ್ಲೇ ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಹತ್ತಿರದ ಉಮರ್ಗಾಕ್ಕೆ ಬಂದು, ಬೇವಿನ ಮರದ ಕೆಳಗೆ ಸೈಕಲ್ ರಿಪೇರಿಗೆ ಕುಳಿತವನು. ನಾನು ಮೆಟ್ರಿಕ್ ಓದಿದ ಜಂಗಮ. ಸುತ್ತಲಿನ ಮನೆಗಳ ಲಗ್ನ, ಲಿಂಗಧಾರಣೆ, ಸಾವುಗಳಿಗೆ ಹೋಗುವವನು. ಹೋಗುತ್ತಿದ್ದುದು ಸೈಕಲ್ಲಿನ ಮೇಲೆ. ಹೀಗಾಗಿ ನಮ್ಮಿಬ್ಬರ ಗೆಳೆತನ. ನನ್ನನ್ನು ಕಂಡೊಡನೆ ಅವನು ಎಣ್ಣೆಗೈಯಲ್ಲೇ ಪಾದ ಮುಟ್ಟುತ್ತಿದ್ದ. “ಕಾಲಿಗಿ ಎಣ್ಣಿ ಹತ್ತಿತಲ್ಲೋ!” ಎಂದು ನಾನು ಬೈದರೆ, “ಹತ್ಲಿ ಬಿಡ್ರಿ, ಪೆಡಲ್ ಹಗುರ ಆಗ್ತಾವ” ಎಂದು ನಗುತ್ತಿದ್ದ.

ಅವನ ಅಂಗಡಿಯಲ್ಲಿ ಒಂದು ಕರಿ ಕಂಬಳಿ ಇರುತ್ತಿತ್ತು. ಪ್ರತಿವರ್ಷ ಬೀರಪ್ಪನ ಭಂಡಾರ ಚೆಲ್ಲಿಸಿಕೊಂಡು ಅದರ ಅಂಚು ಅರಿಶಿನಕ್ಕೆ ತಿರುಗಿತ್ತು. ಅವರ ಮನೆತನದಲ್ಲಿ ಜಗಳ ಬಂದರೆ ಕಂಬಳಿ ಹಾಸಿ ಇಬ್ಬರನ್ನೂ ಅದರ ಮೇಲೆ ಕೂರಿಸಿ ಕೇಳುವುದು ಪದ್ಧತಿ. “ಖುರ್ಚಿ ಮ್ಯಾಲ ಕುಂತು ಮಂದಿ ಏನಾರ ಅಂತಾರ್ರಿ. ಕಂಬಳಿ ಮ್ಯಾಲ ಸುಳ್ಳಿಗಿ ನಾಲಿಗಿ ಹೊಳ್ಳಂಗಿಲ್ಲ” ಎಂದು ಅವನು ಹೇಳಿದ್ದನ್ನು ನಾನು ಆಗ ನಕ್ಕು ಬಿಟ್ಟಿದ್ದೆ.

ಸೈಕಲ್ ಯಾತ್ರೆಯ ವಿಚಾರ ನನ್ನದು. ಹೊಲಗಳ ನಡುವಿನ ವಸ್ತಿಗಳಿಂದ ಹೈಸ್ಕೂಲಿಗೆ ನಡೆದು ಹೋಗಲಾರದೆ ಹೆಣ್ಣುಮಕ್ಕಳು ಏಳನೆಯ ತರಗತಿಗೇ ಶಾಲೆ ಬಿಡುತ್ತಿದ್ದರು. ಮನೆಗಳ ಅಟ್ಟದಲ್ಲಿ, ದನದ ಕೊಟ್ಟಿಗೆಯಲ್ಲಿ ಹಳೆಯ ಸೈಕಲ್ಲುಗಳು ಸುಮ್ಮನೆ ಬಿದ್ದಿರುತ್ತವೆ. ಉಮರ್ಗಾದಿಂದ ನಾಂದೇಡದ ತನಕ ಸೈಕಲ್ ತುಳಿಯುತ್ತ ಅವನ್ನು ಬೇಡಿ ತರೋಣ, ಸಿದ್ದಪ್ಪ ದುರಸ್ತಿ ಮಾಡಲಿ, ಹುಡುಗಿಯರಿಗೆ ಕೊಡೋಣ ಎಂದೆ. ಸಿದ್ದಪ್ಪ ನಟ್ಟು ಬಿಚ್ಚುವ ಪಾನಾ ಒರೆಸಿ ಕೆಳಗಿಟ್ಟ. “ನಮ್ಮ ಗಂಗವ್ವನ್ನೂ ನಾ ಏಳನೇತ್ತಕ್ಕ ಬಿಡಿಸಿದೆರಿ. ಸಾಲಿ ದೂರ ಅದ ಅಂದೆ. ಊರಮಂದಿ ಸೈಕಲ್ ಎಲ್ಲಾ ನನ್ನ ಕೈಯಾಗ ಹಾದು ಹೋದ್ವು, ಮಗಳಿಗೊಂದು ಕೊಡ್ಲಿಲ್ಲ” ಎಂದ. ಮರುದಿನ ಹೋಗಿ ಬೀರಪ್ಪನ ಮುಂದೆ ಹರಕೆ ಹೊತ್ತು ಬಂದ: ನಾಂದೇಡ ಮುಟ್ಟುವ ತನಕ ಇಂಜಿನ್ ಇದ್ದ ಗಾಡಿ ಹತ್ತುವುದಿಲ್ಲ. ಗಂಗವ್ವ ಈಗ ನಿಲಂಗಾದ ಸೊಸೆ. ಮೊದಲ ದಿನದ ಮುಕ್ಕಾಮು ಅಲ್ಲಿಯೇ. ತುಳಿಯುತ್ತ ಬರುವ ಅಪ್ಪನನ್ನು ಆಕೆ ನೋಡಬೇಕು ಎಂಬುದು ಅವನ ಆಸೆ.

ಚಳಿಗಾಲದ ಬೆಳಿಗ್ಗೆ ಹೊರಟೆವು. ಹಿಂದೆ ಹಳೆಯ ಸೈಕಲ್ಲು ಹೇರಲು ಒಂದು ಟೆಂಪೋ, ಅದರಲ್ಲಿ ನಮ್ಮ ಗಂಟುಮೂಟೆ, ಸಿದ್ದಪ್ಪನ ಕಂಬಳಿ. ಅದರ ಡ್ರೈವರನ ಲಗ್ನ ಮಾಡಿಸಿದವನು ನಾನೇ. ಮೊದಮೊದಲು ನಾನೇ ಮುಂದೆ. ಹಳ್ಳಿ ಬಂದರೆ ಶಂಖ ಊದಿ, ಮರಾಠಿಯಲ್ಲಿ ಒಮ್ಮೆ ಕನ್ನಡದಲ್ಲಿ ಒಮ್ಮೆ ಭಾಷಣ ಮಾಡುತ್ತಿದ್ದೆ. ಸಿದ್ದಪ್ಪ ಹಿಂದೆ ನಿಂತು ಮುದುಕಿಯರು ಎಳೆದು ತಂದ ತುಕ್ಕು ಹಿಡಿದ ಸೈಕಲ್ಲುಗಳ ಚೈನು ತಿರುಗಿಸಿ, “ಜೀವ ಅದ, ಜೀವ ಅದ” ಎನ್ನುತ್ತಿದ್ದ.

ಬಿಸಿಲೇರಿತು. ಒಂದು ದೊಡ್ಡ ಹಿಂಡು ಬಂದು ಸಿದ್ದಪ್ಪ ಹಿಂದೆ ಉಳಿದ; ನಾನೂ ಟೆಂಪೋವೂ ಬದಿಯಿಂದ ದಾಟಿದೆವು. ಮುಂದೆ ಏರು. ನನ್ನ ಮೀನಖಂಡಗಳು ಹಿಡಿದುಕೊಂಡವು, ಕಣ್ಣಿಗೆ ಕತ್ತಲೆ ಬಂತು. ಟೆಂಪೋ ನಿಲ್ಲಿಸಿ ಸೈಕಲ್ ಹಾಕಿಸಿ ಹತ್ತಿ ಕುಳಿತೆ. ಅದು ತಪ್ಪಲ್ಲ, ಎಪ್ಪತ್ತು ದಾಟಿದ ಕಾಲುಗಳು. ಆದರೆ ಮುಂದಿನ ಊರಿನ ಜನ ದಾರಿಯಲ್ಲಿ ನಿಂತದ್ದು ಕಂಡಿತು. ಆಗ ಅಲ್ಲಿದ್ದ ಸಿದ್ದಪ್ಪನ ಕಂಬಳಿಯನ್ನು ತಲೆ ತುಂಬ ಹೊದ್ದುಕೊಂಡೆ. ಜಂಗಮನೊಬ್ಬ ಕುರುಬನ ಕಂಬಳಿಯಲ್ಲಿ ಇದ್ದಾನೆಂದು ಯಾರಿಗೆ ಹೊಳೆದೀತು? ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೊದ್ದುಕೊಂಡೆ. ನಿಲಂಗಾ ಸಮೀಪಿಸಿದಾಗ ಇಳಿದು, ಡ್ರೈವರನಿಗೆ ಬಾಯಿ ಮುಚ್ಚಿಕೊ ಎಂದು ಸನ್ನೆ ಮಾಡಿ, ಸೈಕಲ್ ತುಳಿಯುತ್ತ ಊರು ಹೊಕ್ಕೆ. ಹಾರ ಹಾಕಿದರು.

ತಾಸಿನ ಮೇಲೆ ಸಿದ್ದಪ್ಪ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಗಂಗವ್ವ ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ದಾರಿಯ ಊರಿನಿಂದ ಸ್ವಾಗತಕ್ಕೆ ಬಂದವರಲ್ಲಿ ಒಬ್ಬ ಮರಾಠಿಯಲ್ಲಿ ಕೂಗಿದ: “ಹೇ ಧನಗರಬಾಬಾ ತರ ಘೋಂಗಡಿ ಪಾಂಘರೂನ ಟೆಂಪೋತ ಬಸೂನ ಆಲೇ!” ಕುರುಬ ಮುದುಕ ಕಂಬಳಿ ಹೊದ್ದು ಟೆಂಪೋದಲ್ಲಿ ಬಂದದ್ದನ್ನು ಕಣ್ಣಾರೆ ಕಂಡೆ ಎಂದು. ಎಲ್ಲರೂ ನಕ್ಕರು. ಗಂಗವ್ವನ ಮಾವನೂ ನಕ್ಕ: “ಬೀಗರ, ಹರಕಿ ಟಾಯರಿಗಿ ಪಂಚರ್ ಆತೇನ್ರಿ?”

ಸಿದ್ದಪ್ಪ ನಗಲಿಲ್ಲ. “ನಾ ಹತ್ತಿಲ್ರಿ. ಬೀರಪ್ಪನ ಆಣಿ, ನಾ ಹತ್ತಿಲ್ಲ” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಅಯ್ನೋರ, ನೀವರೆ ಹೇಳ್ರಿ” ಎಂದ.

ನನ್ನ ಕೊರಳಲ್ಲಿ ಚೆಂಡುಹೂವಿನ ಹಾರವಿತ್ತು. ಒಂದು ಮಾತು ಸಾಕಿತ್ತು. ನಾನು ಅವನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, ಮೆತ್ತಗೆ ಹೇಳಿದೆ: “ಇರ್ಲಿ ಬಿಡು ಸಿದ್ದಪ್ಪಾ. ವಯಸ್ಸಾಗ್ಯದ. ಇದರಾಗ ನಾಚಿಕಿ ಏನದ?”

ಕರುಣೆಯ ದನಿಯಲ್ಲಿ ಹೇಳಿದ ಆ ಸುಳ್ಳಿನಷ್ಟು ಹೊಲಸು ಮಾತನ್ನು ನಾನು ಮತ್ತೆಂದೂ ಆಡಿಲ್ಲ. ಅಯ್ಯನವರು ಹೇಳಿದ ಮೇಲೆ ಇನ್ನೇನು? ಗಂಗವ್ವ ತಟ್ಟೆಯನ್ನು ಕೆಳಗಿಟ್ಟು ಒಳಗೆ ಹೋದಳು.

ಮರುದಿನ ಉದಗೀರದ ದಾರಿಯಲ್ಲಿ ಅವನು ನನ್ನನ್ನು ಹಿಂದೆ ಬಿಟ್ಟು ತುಳಿದ. ನಾನು ತುಳಿದೆ, ಮಾನಕ್ಕಂಜಿ ತುಳಿದೆ. ಸಂಜೆ ಇಳಿದುಕೊಂಡ ಶಾಲೆಯ ಪಡಸಾಲೆಯಲ್ಲಿ ಅವನು ಕಂಬಳಿ ಹಾಸಿದ. ಮೊದಲು ತಾನು ಕುಳಿತು, ಪಕ್ಕದ ಜಾಗವನ್ನು ಕೈಯಿಂದ ಸವರಿದ.

“ಬರ್ರಿ ಅಯ್ನೋರ. ಇಲ್ಲಿ ಕುಂತು ನಿನ್ನಿ ಮಾತು ಇನ್ನೊಮ್ಮಿ ಹೇಳ್ರಿ.”

“ಮೊಣಕಾಲ ನೋಯ್ತಾವೋ, ಕೆಳಗ ಕೂಡ್ಲಿಕ್ಕ ಆಗಂಗಿಲ್ಲ” ಎಂದು ನಾನು ಕುರ್ಚಿ ಎಳೆದುಕೊಂಡೆ.

ಅವನು ಕುರ್ಚಿಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಎಲ್ಲ ತಿಳಿದುಹೋಯಿತು. ಕಂಬಳಿ ಝಾಡಿಸಿ ಮಡಚುತ್ತ, “ಕೂಡಲಿಲ್ಲಲ್ಲ, ಅಷ್ಟರೆ ಮಾಡಿದ್ರಿ” ಎಂದ. ನಾನು ಕಂಬಳಿಯ ಮೇಲೆ ಕುಳಿತು ಸುಳ್ಳು ಹೇಳಲಿಲ್ಲವಲ್ಲ, ಅದನ್ನೇ ಅವನು ನನ್ನ ಲೆಕ್ಕದಲ್ಲಿ ಪುಣ್ಯವೆಂದು ಹಿಡಿದಿದ್ದ.

ಮರುಬೆಳಿಗ್ಗೆ ಜ್ವರದ ನೆಪ ಹೇಳಿ ನಾನು ಬಸ್ಸು ಹತ್ತಿದೆ. ಸಿದ್ದಪ್ಪ ನಾಂದೇಡದ ತನಕ ಒಬ್ಬನೇ ತುಳಿದ. ಆಮೇಲೆ ತಿಂಗಳುಗಟ್ಟಲೆ ಕುಳಿತು ಆ ಸೈಕಲ್ಲುಗಳನ್ನೆಲ್ಲ ರಿಪೇರಿ ಮಾಡಿದ. ಈಗಲೂ ಬೆಳಿಗ್ಗೆ ರಸ್ತೆಗೆ ನಿಂತರೆ ಹುಡುಗಿಯರು ಅವುಗಳ ಮೇಲೆ ಹೋಗುವುದು ಕಾಣುತ್ತದೆ. ಹಂಚುವ ಸಭೆಯಲ್ಲಿ ನನ್ನನ್ನು ಹೊಗಳಿದರು. ಅವನು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ. ನಾನು ಅಂಗಡಿಗೆ ಹೋದಾಗ ಎದ್ದು ಬಂದು ಪಾದ ಮುಟ್ಟುವುದನ್ನೂ ಬಿಡಲಿಲ್ಲ. ಒಂದೇ ವ್ಯತ್ಯಾಸ: ಈಗ ಮೊದಲು ಕೈ ಒರೆಸಿಕೊಳ್ಳುತ್ತಿದ್ದ. ನಗಿಸುತ್ತಿರಲಿಲ್ಲ.

ಎರಡು ವರ್ಷ ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಂಡೆ. ಕಳೆದ ಮಳೆಗಾಲದಲ್ಲಿ ಸಿದ್ದಪ್ಪ ಎದೆನೋವಿನಿಂದ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ, ಗಂಗವ್ವನ ಮುಖ ನೋಡಲಾಗಲಿಲ್ಲ. ಹದಿನೈದು ದಿನ ಬಿಟ್ಟು ನಿಲಂಗಾಕ್ಕೆ ಹೋಗಿ, ಅವಳ ಅಂಗಳದಲ್ಲಿ, ಅವಳ ಮಾವನ ಎದುರಿಗೇ ಹೇಳಿದೆ: “ಅವತ್ತು ಟೆಂಪೋದಾಗ ಕುಂತಾಂವ ನಾ, ತಾಯಿ. ನಿಮ್ಮಪ್ಪ ಅಲ್ಲ.”

ಮಾವ ತಲೆ ತಗ್ಗಿಸಿದ. ಗಂಗವ್ವ ಅಂಗಳದ ಕಟ್ಟೆಗೆ ಕುಳಿತಳು. ಆಮೇಲೆ ಹೇಳಿದಳು: “ಬಂದಾಗೆಲ್ಲಾ ಅಪ್ಪ ಅಂತಿದ್ದ, ‘ಹತ್ತಿದಾಂವ ತಾನ ಬಂದು ಹೇಳ್ತಾನ ತಡಿ. ಒಳ್ಳೆ ಮನಶ್ಯಾ ಅದಾನ, ಜರಾ ತಡಾ ಮಾಡ್ತಾನ.’ ಯಾರ ಅಂತ ಹೆಸರ ಹೇಳ್ಲಿಲ್ರಿ. ನಾ ನಂಬಲಿಲ್ಲ. ಈ ವಯಸ್ಸಿನಾಗ ಯಾಕಪ್ಪಾ ಸುಳ್ಳ ಹೇಳ್ತಿ ಅಂದೆ. ಅದ ಕಡೀ ಮಾತು. ಆಮ್ಯಾಲ ಅಂವಾ ಬರಲೇ ಇಲ್ಲ.”

ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ಕೇಳಿದಳು: “ಇಷ್ಟ ದಿನ ಎಲ್ಲಿದ್ರಿ ಅಯ್ನೋರ?”

ಉಮರ್ಗಾದಲ್ಲೇ ಇದ್ದೆ. ಅಲ್ಲಿಂದ ನಿಲಂಗಾಕ್ಕೆ ದಿನಾ ಬಸ್ಸಿದೆ.