ಕಮಲಾಪುರದ ಕೋಣೆಗೆ ಹೋಗುವ ಗೆರೆ

ನಮ್ಮ ಕಂಪನಿಯಲ್ಲಿ ಏನು ಕೆಲಸ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ತಾಯಿಗೆ ಹೇಳಲು ಬರುತ್ತಿರಲಿಲ್ಲ. ಮಗಳ ಕಂಪನಿಯವರು ಮಂದಿಯ ಕಾಗದಗಳನ್ನು ಕಾಯುತ್ತಾರಂತೆ ಎಂದು ನೆರೆಯವರಿಗೆ ಮರಾಠಿಯಲ್ಲಿ ಹೇಳಿ, ಅದಕ್ಕೂ ಪಗಾರ ಕೊಡುತ್ತಾರಲ್ಲ ಎಂದು ತಾನೇ ಬೆರಗಾಗುತ್ತಿದ್ದಳು. ತಪ್ಪೇನೂ ಹೇಳುತ್ತಿರಲಿಲ್ಲ ಬಿಡಿ. ತೊಂಬತ್ತರ ದಶಕದ ಕೊನೆಯ ಮಾತು ಇದು. ಕಲಬುರ್ಗಿಯ ಸ್ಟೇಶನ್ ಬಜಾರದ ಒಂದು ಲಾಡ್ಜಿನ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ತೊಗರಿಬೇಳೆ ಮಿಲ್ಲಿನವರು, ಸಹಕಾರ ಸಂಘದವರು, ಖಾಸಗಿ ದವಾಖಾನೆಯವರು ತಮ್ಮ ದಾಖಲೆಗಳನ್ನು ನಮಗೆ ಕೊಡುತ್ತಿದ್ದರು. ನಾವು ಅವನ್ನು ಕಂಪ್ಯೂಟರಿಗೆ ತುಂಬಿ, ಟೇಪಿಗೆ ಇಳಿಸಿ, ಟೇಪನ್ನು ಸಂಜೆಯ ಬಸ್ಸಿಗೆ ಕಮಲಾಪುರಕ್ಕೆ ಕಳಿಸುತ್ತಿದ್ದೆವು. ಅಲ್ಲಿ ಮಾಲೀಕರ ಅಜ್ಜನ ಕಾಲದ ಕಲ್ಲಿನ ಗೋದಾಮು ಇತ್ತು. ಅದರ ಒಂದು ಕೋಣೆಯಲ್ಲಿ ಟೇಪುಗಳನ್ನು ಇಡುತ್ತಿದ್ದರು, ಬೇಸಿಗೆಯಲ್ಲೂ ಒಳಗೆ ತಂಪು. ಎರಡು ಊರಿಗೂ ಒಂದೇ ದಿನ ಬೆಂಕಿ ಬೀಳುವುದಿಲ್ಲ ಎಂಬುದು ಮಾಲೀಕರ ಧೈರ್ಯ.

ಮಾಲೀಕರು ಮೊದಲು ಬಟ್ಟೆ ಅಂಗಡಿ ಇಟ್ಟಿದ್ದವರು. ಅಲ್ಲಿ ಬಟ್ಟೆ ಅಳೆಯುವವನೂ ಲೆಕ್ಕ ಬರೆಯುವವನೂ ಬೀಗರಾದರಂತೆ, ಅಂಗಡಿ ಎದ್ದುಹೋಯಿತಂತೆ. ಹೊಸ ಕಂಪನಿ ತೆರೆದಾಗ ಅವರು ಮೊದಲು ಮಾಡಿದ ಕೆಲಸ ಗೋಡೆಯ ಮೇಲೆ ಒಂದು ನಕ್ಷೆ ಬರೆಸಿದ್ದು. ಯಾರು ಯಾರ ಕೆಳಗೆ, ಯಾರು ಯಾರಿಗೆ ಉತ್ತರ ಕೊಡಬೇಕು ಎಂಬುದೆಲ್ಲ ಚೌಕ ಮತ್ತು ಗೆರೆಗಳಲ್ಲಿ. ಲಾಡ್ಜಿನ ಬೋರ್ಡು ಬರೆಯುವ ಪೇಂಟರನನ್ನೇ ಕರೆಸಿದ್ದರಿಂದ ಮಾಲೀಕರ ಚೌಕದ ಸುತ್ತ ಆತ ಹೂಬಳ್ಳಿಯನ್ನೂ ಎಳೆದುಬಿಟ್ಟಿದ್ದ. ಅದರ ಕೆಳಗೆ ಮ್ಯಾನೇಜರ್. ಮ್ಯಾನೇಜರರಿಂದ ಎರಡು ಗೆರೆ ಇಳಿಯುತ್ತಿದ್ದವು. ಎಡಗಡೆ ಕಲಬುರ್ಗಿಯಲ್ಲಿ ತುಂಬುವವರು, ಬಲಗಡೆ ಕಮಲಾಪುರದಲ್ಲಿ ತಾಳೆ ನೋಡುವವರು ಮತ್ತು ಕಾಯುವವರು. ಎಡಕ್ಕೂ ಬಲಕ್ಕೂ ನಡುವೆ ಗೆರೆಯೇ ಇಲ್ಲ. ತುಂಬುವವರು ಮತ್ತು ತಾಳೆ ನೋಡುವವರು ಭೇಟಿಯಾಗಕೂಡದು, ಭೇಟಿಯಾದರೆ ಇಬ್ಬರೂ ಕೆಲಸ ಬಿಟ್ಟು ಮನೆಗೆ ಎಂದು ಮಾಲೀಕರು ಮೊದಲ ದಿನವೇ ಹೇಳಿದ್ದರು. ಸ್ನೇಹವಾದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ನುಂಗುತ್ತಾರೆ ಎಂಬುದು ಅವರ ಲೆಕ್ಕ. ನನ್ನ ಪಗಾರದ ಮೇಲೆ ನಮ್ಮ ಮನೆ ನಡೆಯುತ್ತಿತ್ತು. ನಾನು ತಲೆಯಾಡಿಸಿದೆ.

ಆದರೆ ಫೋನಿಗೆ ಮಾತ್ರ ಪರವಾನಗಿ ಇತ್ತು. ದಿನಾ ಬೆಳಿಗ್ಗೆ ಕಮಲಾಪುರದಲ್ಲಿ ತಾಳೆ ನೋಡುವಾಕೆ ಹಿಂದಿನ ದಿನದ ಟೇಪನ್ನು ಯಂತ್ರಕ್ಕೆ ಹಾಕಿ, ಮನಸ್ಸಿಗೆ ಬಂದ ಯಾವುದಾದರೂ ದಾಖಲೆ ತೆಗೆದು ಫೋನಿನಲ್ಲಿ ಓದಬೇಕು. ನಾನು ಇಲ್ಲಿ ಮೂಲ ಕಾಗದ ಹಿಡಿದುಕೊಂಡು ಹೂಂಗುಟ್ಟಬೇಕು. ಹೊಂದದಿದ್ದರೆ ಟೇಪು ಮರಳಿ ಬರುತ್ತಿತ್ತು, ನಾನು ಮತ್ತೆ ತುಂಬಬೇಕಿತ್ತು. ಹೀಗೆ ನನಗೆ ಆಕೆಯ ದನಿ ಸಿಕ್ಕಿತು. ಮನೆಯಲ್ಲಿ ದಖನಿ ಉರ್ದು ಮಾತಾಡುವವಳು, ನಮ್ಮ ಕನ್ನಡವನ್ನು ನನಗಿಂತ ಖಡಕ್ಕಾಗಿ ಆಡುತ್ತಿದ್ದಳು. ಮೊದಲ ವಾರ ಬರೀ ಅಂಕಿ ಸಂಖ್ಯೆ, ಮರ್ಯಾದೆಯ ಮಾತು. ಒಂದು ದಿನ ದವಾಖಾನೆಯ ಟೇಪಿನಲ್ಲಿ ನಾನು ಒಬ್ಬ ಮುದುಕನ ವಯಸ್ಸನ್ನು ಆತನ ಮಗಳಿಗೂ, ಮಗಳದ್ದನ್ನು ಆತನಿಗೂ ಹಚ್ಚಿಬಿಟ್ಟಿದ್ದೆ.

"ಮಗಳನ್ನ ಅಪ್ಪಗಿಂತ ದೊಡ್ಡಾಕಿ ಮಾಡೀರಲ್ರೀ. ಈಗ ಈ ಅಪ್ಪಗ ತೊಟ್ಟಿಲ ಕಟ್ಟಲೇನು ನಾ?"

ನಾನು ನಕ್ಕ ನಗುವಿಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಂದಿನಿಂದ ಆಕೆ ನನ್ನನ್ನು ಬೈಯಲು ಶುರುಮಾಡಿದಳು. ಎಷ್ಟು ಚೆಂದ ಬೈಯುತ್ತಿದ್ದಳು! ಒಂದು ಸೊನ್ನೆ ಹೆಚ್ಚಾದರೆ, ಸಂಘದವರ ಬದಲು ನೀನೇ ದಾನ ಮಾಡಿದೆಯಾ ಎನ್ನುತ್ತಿದ್ದಳು. ಮಹಾಗಾಂವದ ರೈತನನ್ನು ನಾನು ಶರಣಸಿರಸಗಿಗೆ ಸೇರಿಸಿದರೆ, ಆತನ ಎತ್ತುಗಳನ್ನೂ ದಾಟಿಸಿಬಿಡು, ಪಾಪ, ಅವೇಕೆ ಅಲ್ಲಿರಬೇಕು ಎನ್ನುತ್ತಿದ್ದಳು. ಯಾವಾಗ 'ರೀ' ಹೋಗಿ 'ನೀ' ಬಂತೋ ಇಬ್ಬರಿಗೂ ತಿಳಿಯಲಿಲ್ಲ. ತಾಳೆ ಮುಗಿದ ಮೇಲೂ ಕೊಂಚ ಹೊತ್ತು ಮಾತು ನಡೆಯುತ್ತಿತ್ತು. ಆಕೆ ಊರಿನ ಕೆಂಪು ಬಾಳೆಹಣ್ಣಿನ ವರ್ಣನೆ ಮಾಡುವಳು, ನಾನು ಸ್ಟೇಶನ್ ಬಜಾರದ ಗದ್ದಲವನ್ನೇ ದೊಡ್ಡದು ಮಾಡಿ ಹೇಳುವೆ. ಆದರೆ ತಪ್ಪು ಸಿಕ್ಕರೆ ಮಾತ್ರ ಒಂದನ್ನೂ ಬಿಡುತ್ತಿರಲಿಲ್ಲ. ಮಾಲೀಕರ ಲೆಕ್ಕ ಅಲ್ಲಿ ಪೂರಾ ತಪ್ಪಿತ್ತು.

ಆಕೆಯ ಮುಖ ನೋಡುವ ಹಂಬಲ ಹತ್ತಿದ್ದು ಆಗಲೇ. ಬಸ್ಸಿಗೆ ಕುಳಿತರೆ ಎಷ್ಟು ಹೊತ್ತಿನ ದಾರಿ ಅದು? ಮಹಾಗಾಂವ ಕ್ರಾಸ್ ದಾಟಿದರೆ ಬಂದೇ ಬಂತು ಕಮಲಾಪುರ. ಆದರೂ ಹೋಗುವಂತಿರಲಿಲ್ಲ. ಟೇಪಿನ ಪೆಟ್ಟಿಗೆ ಒಯ್ಯುತ್ತಿದ್ದ ಚಾಚಾನನ್ನು, ಆಕೆ ನೋಡಲು ಹೇಗಿದ್ದಾಳೆ ಎಂದು ಕೇಳಿದೆ. ಮನುಷ್ಯರು ಇದ್ದಂಗ ಇದ್ದಾಳ ಎಂದು ಹೇಳಿ ಆತ ಪೆಟ್ಟಿಗೆ ಎತ್ತಿಕೊಂಡು ಹೋದ. ಸಿಟ್ಟು ಬಂತು ನನಗೆ. ಒಂದು ಮುಖ ಹೇಗಿದೆ ಎಂದು ಹೇಳಲು ಬಾರದ ಗಂಡಸಿನ ಕೈಯಲ್ಲಿ ಇಡೀ ಜಿಲ್ಲೆಯ ದಾಖಲೆ ಕೊಟ್ಟು ಕಳಿಸುತ್ತಿದ್ದೆವು.

ಹೀಗೇ ಕೆಲವು ವರ್ಷ ಕಳೆದವು. ನಮ್ಮ ಮ್ಯಾನೇಜರ್ ಕೆಲಸ ಬಿಟ್ಟು ಹೈದರಾಬಾದಿಗೆ ಹೋದರು. ಹೊರಗಿನವರನ್ನು ತರುವುದಿಲ್ಲ, ಒಳಗಿನವರೇ ಬರಲಿ ಎಂದು ಮಾಲೀಕರು ನನ್ನನ್ನೂ ಆಕೆಯನ್ನೂ ಕೇಳಿದರು. ನಾನು ಹೂಂ ಎನ್ನಲೂ ಇಲ್ಲ, ಒಲ್ಲೆ ಎನ್ನಲೂ ಇಲ್ಲ. ಮರುದಿನ ಫೋನಿನಲ್ಲಿ ತಾಳೆ ನೋಡುವುದನ್ನು ಬಿಟ್ಟು ಆಕೆ ಮೊದಲು ಅದನ್ನೇ ತೆಗೆದಳು.

"ನೀ ಆಗು. ನಂಗ ಅಲ್ಲಿಗಿ ಬರಾಕ ಆಗಂಗಿಲ್ಲ, ಮಕ್ಕಳ ಸಾಲಿ ಇಲ್ಲೇ ಅದ. ನೀ ಆದ್ರ ತಿಂಗಳಿಗೊಮ್ಮೆ ನಮ್ಮ ಕೋಣಿ ನೋಡಾಕ ಬರಲೇಬೇಕು. ನಿನ್ನ ಮಾರಿ ಒಮ್ಮೆ ನೋಡಬೇಕು ನಾ."

ನನಗೆ ಹೊಳೆದೇ ಇರಲಿಲ್ಲ. ಹೋಗಿ ಗೋಡೆಯ ನಕ್ಷೆ ನೋಡಿದೆ. ಹೌದು, ಕಮಲಾಪುರದ ಕೋಣೆಗೆ ಹೋಗುವ ಗೆರೆ ಮ್ಯಾನೇಜರ್ ಚೌಕದಿಂದ ಮಾತ್ರ ಇತ್ತು. ಪಗಾರ ಹೆಚ್ಚುತ್ತದೆ ಎಂದು ತಾಯಿ ಹಿಗ್ಗಿದಳು, ಗಾಜಿನ ಕೋಣೆ ಸಿಗುತ್ತದೆ ಎಂದು ಜೊತೆಯವರು ಚುಡಾಯಿಸಿದರು. ನಾನು ಒಪ್ಪಿಕೊಂಡದ್ದು ಆ ಒಂದು ಗೆರೆಗಾಗಿ.

ಬೆಳಗಿನ ಫೋನು ನನ್ನ ಜಾಗಕ್ಕೆ ಬಂದವಳ ಪಾಲಾಯಿತು. ಅದು ಹಾಗಾಗುತ್ತದೆಂದು ಗೊತ್ತಿತ್ತು, ಆದರೂ ಮೊದಲೆರಡು ವಾರ ಜೀವ ಚಡಪಡಿಸಿತು. ಇರಲಿ, ಈ ತಿಂಗಳು ಹೇಗೂ ಹೋಗುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹೋಗುವ ದಿನ ಇದ್ದುದರಲ್ಲೇ ಒಳ್ಳೆಯ ಇಳಕಲ್ ಸೀರೆ ಉಟ್ಟೆ.

ಗೋದಾಮಿನ ಬಾಗಿಲಲ್ಲಿ ಕಾವಲಿನವರು ಸಾಲಾಗಿ ನಿಂತಿದ್ದರು. ಆಕೆ ಒಳಗೆ ಮೇಜಿನ ಹಿಂದೆ ಎದ್ದು ನಿಂತಿದ್ದಳು. ನಾನು ಅಂದುಕೊಂಡದ್ದಕ್ಕಿಂತ ಗಿಡ್ಡ, ತಲೆಯ ಮೇಲೆ ದುಪಟ್ಟಾ, ಗಲ್ಲದ ಮೇಲೆ ಒಂದು ಗುಳಿ. ನಾನು ಹುಚ್ಚಿಯ ಹಾಗೆ ನಗುತ್ತ ನಿಂತೆ. ಆಕೆಯೂ ನಕ್ಕಳು, ನಕ್ಕು ಕುರ್ಚಿ ಎಳೆದು ಕೊಟ್ಟಳು, ಚಹಾ ತರಿಸಿದಳು. ಕಪಾಟುಗಳನ್ನು ಒಂದೊಂದಾಗಿ ತೆರೆದು ತೋರಿಸಿದಳು. ಪ್ರತಿ ಮಾತಿಗೂ ಮೇಡಂ. ಜನ ಇದ್ದಾರಲ್ಲ, ಅದಕ್ಕೇ ಎಂದುಕೊಂಡೆ. ಕಾವಲಿನವರು ಊಟಕ್ಕೆ ಹೋದ ಮೇಲೆ ಬಾಗಿಲು ಮುಂದಕ್ಕೆ ಮಾಡಿ, ಈಗ ಯಾರೂ ಇಲ್ಲ, ಕೂತುಕೋ, ಬಾಯಿ ತುಂಬ ಬೈ ನನ್ನನ್ನು ಎಂದೆ.

ಆಕೆ ಕುರ್ಚಿಯ ಅಂಚಿಗೆ ಕುಳಿತಳು. ತಲೆ ತಗ್ಗಿಸಿಯೇ ಮಾತಾಡಿದಳು.

"ನಾ ಇಲ್ಲಿ ಇನ್ನೂ ಭಾಳ ವರ್ಷ ಕೆಲಸ ಮಾಡಬೇಕು. ನನ್ನ ಪಗಾರದ ಕಾಗದದ ಮ್ಯಾಲ ಈಗ ನಿಮ್ಮ ಸಹಿ ಇರ್ತದ. ಮೊದಲಿನಂಗ ಹೆಂಗ ಆಗ್ತದ್ರೀ?"

ನಾನು ಒಳ್ಳೆಯವಳೋ ಕೆಟ್ಟವಳೋ ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ಆಕೆಗೆ ಸಾಕಬೇಕಾದ ಮಕ್ಕಳಿದ್ದರು, ಮೇಲಿನ ಚೌಕದಲ್ಲಿ ನಾನಿದ್ದೆ. ತಪಾಸಣೆಯ ಹಾಳೆ ಎಳೆದುಕೊಂಡು ಎಲ್ಲ ಸರಿಯಿದೆ ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ ಆಕೆಯ ಕಡೆ ಸರಿಸಿದೆ. ಆಕೆ ಓದಿದಳು. ಕಣ್ಣು ಒಂದು ಕಡೆ ನಿಂತಿತು. ನಾನೂ ಬಗ್ಗಿ ನೋಡಿದೆ. ಅವಸರದಲ್ಲಿ ಹೋದ ತಿಂಗಳ ಹೆಸರು ಬರೆದಿದ್ದೆ.

ನನಗೆ ಜೀವ ಬಂದಂತಾಯಿತು. ಈಗ ಬೈಯುತ್ತಾಳೆ, ಇಂಥದನ್ನು ಇವಳು ಬಿಡುವವಳೇ ಅಲ್ಲ ಎಂದು ಆಕೆಯ ಮುಖವನ್ನೇ ನೋಡಿದೆ.

"ಸರಿ ಅದರೀ, ಮೇಡಂ" ಎಂದಳು. ಹಾಳೆಯನ್ನು ಫೈಲಿಗೆ ಹಾಕಿ ದಾರ ಕಟ್ಟಿದಳು.